ನನ್ನ ಬಸ್ಸು

ಹ್ಯಾಲಿಫ್ಯಾಕ್ಸ್,
ಮಾರ್ಚ್ ೩

ವಿಮಾ ಕಚೇರಿಯ ಸಾಹೇಬರಿಗೆ,

ನಾನು ಬಸ್ ಕಂಪನಿಯ ಸಂಬಳದ ಚಾಲಕ. ರಾಷ್ಟ್ರೀಯ ವಿಮೆಯ ವಂತಿಗೆಯನ್ನು ಕಂಪನಿಯೇ ನನ್ನ ಸಂಬಳದಲ್ಲಿ ವಾರವಾರ ಮುರಿದುಕೊಳ್ಳುತ್ತದೆ. ಆದರೂ ಸ್ವಂತ ಉದ್ಯೋಗದವರು ಕಟ್ಟುವ ವಂತಿಗೆಯ ಬಿಲ್ಲನ್ನು ನನಗೆ ಕಳಿಸಿದ್ದೀರಿ. ಇದು ಮೂರನೆಯದು.

ಮೊದಲ ಬಿಲ್ಲಿಗೂ ಮುಂಚೆ ಒಮ್ಮೆ ನಿಮ್ಮ ಗುಮಾಸ್ತೆ ಫೋನಿನಲ್ಲಿ ಅರ್ಧ ಗಂಟೆ ಕಾಯಿಸಿದಾಗ, "ಬೇಗ ಹೇಳಮ್ಮ, ನನ್ನ ಬಸ್ಸು ಐದೂಕಾಲಿಗೆ ಹೊರಡ್ಬೇಕು" ಅಂದಿದ್ದೆ. ಆಕೆ ನನ್ನನ್ನು ಬಸ್ಸಿನ ಮಾಲೀಕನೆಂದು ಬರೆದುಕೊಂಡಿದ್ದಾಳೆ! ಡಿಪೋದಲ್ಲಿ ಎಲ್ಲರೂ "ನನ್ನ ಬಸ್ಸು" ಅಂತಲೇ ಅನ್ನುವುದು. ನಿನ್ನೆ ಜಗಳ ತೆಗೆದರೆ, "ನಿಮ್ಮ ಬಸ್ಸು ಅಂತ ನೀವೇ ಅಂದ್ರಲ್ಲ ರೀ. ನಮ್ಮ ಆಫೀಸಲ್ಲಿ ತಪ್ಪಾಗಲ್ಲ" ಅಂದಳು. ಹಾಗಾದರೆ ಆಫೀಸು ಅವಳಪ್ಪನದೇ?

ಸಂಬಳದ ಚೀಟಿ ಲಗತ್ತಿಸಿದ್ದೇನೆ, ಕಣ್ಣು ಬಿಟ್ಟು ಓದಿ. ಇನ್ನು ಏನಿದ್ದರೂ ಡಿಪೋಗೆ ಬರೆಯಿರಿ, ಮನೆಗೆ ಬೇಡ. ನಿಮ್ಮ ಕಚೇರಿಯ ಕಂದು ಲಕೋಟೆ ಬಂದು ಬಿದ್ದ ದಿನ ನನ್ನ ಹೆಂಡತಿ ಡೋರೀನ್ ಊಟ ಮುಟ್ಟುವುದಿಲ್ಲ.

ಕೊನೆಗೊಂದು ಮಾತು. ಆ ಬಸ್ಸು ದಿನಕ್ಕೆ ಹನ್ನೊಂದು ಸಲ ನಿಮ್ಮ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತದೆ. ಅದು ನನ್ನದೇ ಆಗಿದ್ದರೆ ಅಲ್ಲಿ ನಿಲ್ಲುತ್ತಿತ್ತೇ ಸ್ವಾಮಿ?

ಇಂತಿ,
ಪರರ ಬಸ್ಸಿನ ಚಾಲಕ,
ವಿಲ್ಫ್ರೆಡ್ ಹೆಬಲ್‌ತ್ವೇಟ್