ತಂಡೇಲರು ಕೊನೆಗೆ ಇಳಿಯುವ ಕ್ರಮ

ಲಕ್ಷದ್ವೀಪದ ಹಡಗಿನಿಂದ, 8-2-2004

ತಂಗಿ ವಾರಿಜಾಳಿಗೆ ಅಕ್ಕನ ಆಶೀರ್ವಾದ.

ಪಾರ್ಶ್ವವಾಯು ಬಡಿದ ಮೇಲೆ ನಿನ್ನ ಭಾವನ ಕಾಲಿಗೆ ಉಪ್ಪುನೀರು ತಾಗಿಲ್ಲ. ನಮ್ಮೂರು ಹೆಜಮಾಡಿಯ ಜನರ ಎದುರು ಅವರನ್ನು ಹೊತ್ತು ಕಡಲಿಗೆ ಇಳಿಸಲು ನನಗೆ ಮನಸ್ಸಾಗದೆ, ಗಾಲಿಕುರ್ಚಿ ಸಮೇತ ಇಷ್ಟು ದೂರ ಕರೆತಂದೆ.

ಇಲ್ಲಿ ಹಡಗು ದಡಕ್ಕೆ ಹೋಗುವುದಿಲ್ಲ. ದೂರ ನಿಂತು ಜನರನ್ನು ಸಣ್ಣ ದೋಣಿಗೆ ಇಳಿಸುತ್ತದೆ. ನೀರು ಎಷ್ಟು ತಿಳಿ ಎಂದರೆ ದೋಣಿಯ ನೆರಳು ತಳದ ಮರಳಿನ ಮೇಲೆ ಬೀಳುತ್ತದೆ.

ಕಾಸರಗೋಡಿನ ಖಲಾಸಿಯೊಬ್ಬ, “ಅಜ್ಜನನ್ನು ಮೊದಲು ಇಳಿಸುವ, ಅಮ್ಮ, ನಾವು ಹಿಡಿದುಕೊಳ್ತೇವೆ” ಎಂದ. ನಾನು ಗದರಿಸಿದೆ: “ಮೂವತ್ತು ವರ್ಷ ದೋಣಿ ನಡೆಸಿದ ತಂಡೇಲರು ಇವರು. ಎಲ್ಲರೂ ಇಳಿದ ಮೇಲೆಯೇ ತಂಡೇಲ ಇಳಿಯುವ ಕ್ರಮ.” ಕೊನೆಯ ದೋಣಿ ಬರುವಾಗ ಗಾಳಿ ಎದ್ದಿತ್ತು. ಇನ್ನು ಕುರ್ಚಿ ಇಳಿಸಲಾಗದು ಎಂದರು ಖಲಾಸಿಗಳು. ನಮ್ಮ ಜೊತೆ ಬಂದು ಮೊದಲೇ ಇಳಿದಿದ್ದ ಮೊಮ್ಮಕ್ಕಳು ದಡದಲ್ಲಿ ಆಡುವುದನ್ನು ಭಾವ ಹಡಗಿನ ಕಂಬಿ ಹಿಡಿದು ಸಂಜೆಯವರೆಗೆ ನೋಡಿದರು. “ಈ ಹಡಗಿಗೆ ತಂಡೇಲ ನಾನಲ್ಲ ಮಾರಾಯ್ತಿ” ಎಂದರು, ಅಷ್ಟೇ. ತಪ್ಪು ನನ್ನದು.

ಅವರ ಬಿಪಿ ಸರಿ ಉಂಟು, ಊಟ ಮಾತ್ರ ಅರ್ಧ ಬಿಟ್ಟರು. ಗುರುವಾರ ಮನೆ ಮುಟ್ಟುತ್ತೇವೆ. ಶುಕ್ರವಾರ ಬೆಳಿಗ್ಗೆ ಅವರನ್ನು ನೀರಿನವರೆಗೆ ಎತ್ತಿಕೊಂಡು ಹೋಗಲು ಅವರ ದೋಣಿಯ ಹಳೆಯ ಜನರಿಗೆ ಹೇಳಿಡು. ಊರು ನೋಡಿದರೆ ನೋಡಲಿ.

ಅಕ್ಕ, ಸುಮತಿ