ರಾಜರು ಮಾರಿದ ಮದುವೆ

ನವೆಂಬರ್ 9, 1618

ಹಂದಿಮಾಂಸಕ್ಕೆ ಉಪ್ಪು ಸವರುತ್ತಿದ್ದೆ. ಕೈ ತೊಳೆಯಲೂ ಬಿಡದೆ ರಾಜರ ಅಧಿಕಾರಿ ಬಂದು ನಿಂತ. ನನ್ನ ಗಂಡ ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಅವರ ಅಜ್ಜ ಕೆಳಗಿನ ಹೊಲವನ್ನು ರಾಜರಿಂದಲೇ ಪಡೆದಿದ್ದರಂತೆ. ಹಾಗಾಗಿ ಮಗಳು ಫಿಲಿಪಾ ಪ್ರಾಯಕ್ಕೆ ಬರುವವರೆಗೆ ಆಸ್ತಿಯೂ ಅವಳೂ ರಾಜರ ವಶ. ಹದಿಮೂರು ವರ್ಷದ ಕೂಸು!

“ಮದುವೆ ಮಾಡಿಸೋ ಹಕ್ಕೂ ಅವರದೇ, ತಾಯೀ. ಬೇಕಾದವರಿಗೆ ಮಾರ್ತಾರೆ.”

“ಹಾಗಾದ್ರೆ ನಾನ್ಯಾರು?”

“ಹೆತ್ತವರು.”

ಅಷ್ಟು ಹೇಳಿ ಬಿಯರ್ ಕೇಳಿದ. ಕೊಟ್ಟೆ. ಯಾಕಾದರೂ ಕೊಟ್ಟೆನೋ...

ನವೆಂಬರ್ 12

ಅಣ್ಣ ಆಂಬ್ರೋಸ್ ಲಂಡನ್ನಿಗೆ ಹೊರಟ. ಆ ಹಕ್ಕನ್ನು ನಾವೇ ಕೊಳ್ಳಬೇಕು. ಹೆತ್ತ ಮಗಳನ್ನು ಕೊಂಡುಕೊಳ್ಳುವುದು! ಗಂಡ ತೀರಿದ ತಿಂಗಳೊಳಗೆ ಕೇಳಿದರೆ ತಾಯಿಗೇ ಮೊದಲ ಅವಕಾಶವಂತೆ.

ಡಿಸೆಂಬರ್ 3

ಅಣ್ಣ ಬಂದ. ಮೈಯೆಲ್ಲ ಕೆಸರು, ಕೈ ಬರಿದು.

“ಒಬ್ಬ ಗುಮಾಸ್ತ ಇನ್ನೊಬ್ಬನ ಹತ್ರ ಕಳಿಸ್ತಾನೆ, ತಂಗೀ. ಅವನು ನಾಳೆ ಬಾ ಅಂತಾನೆ. ಕೊನೆಗೆ ನೋಡಿದ್ರೆ ಸರ್ ಗರ್ವೇಸ್ ಆಗಲೇ ಕೊಂಡಾಗಿದೆ.”

ಬೇಲಿಯಾಚೆಯ ಗರ್ವೇಸ್! ಗಂಡನ ಮಣ್ಣಿನ ದಿನ ನನ್ನ ಕೈ ಹಿಡಿದು ಅತ್ತವನು. ಈಗ ಮಗ ರೋಲಂಡನಿಗೆ ನನ್ನ ಮಗಳು ಬೇಕು — ಜೊತೆಗೆ ಹೊಲವೂ.

“ಇದ್ಯಾವ ನ್ಯಾಯ ಅಣ್ಣಾ?”

“ರಾಜರಿಗೆ ಪಾರ್ಲಿಮೆಂಟು ದುಡ್ಡು ಕೊಡಲ್ಲ. ಅರಮನೆ ಸೂರು ರಿಪೇರಿ ಆಗ್ಬೇಕಲ್ಲ.”

ಅವರ ಸೂರಿಗೆ ನನ್ನ ಮಗಳೇನು ಹೆಂಚೇ?

ಜನವರಿ 8

ಕ್ರಿಸ್ಮಸ್‌ಗೆ ಮುಂಚೆಯೇ ಗರ್ವೇಸ್ ಕಡೆಯವರು ಫಿಲಿಪಾಳನ್ನು ತಮ್ಮ ಮನೆಗೆ ಕರೆದೊಯ್ದರು. ಗರ್ವೇಸ್ ನಮ್ಮ ಓಕ್ ಮರ ಕಡಿಸುತ್ತಿದ್ದಾನೆ. ಇವತ್ತು ಅವಳನ್ನು ನೋಡಲು ಬಿಟ್ಟ.

“ಅಮ್ಮಾ, ನಾನು ಒಲ್ಲೆ ಅಂದ್ರೆ?”

“ದಂಡ ಕಟ್ಟಬೇಕು. ಅದು ತೀರೋವರೆಗೂ ಹೊಲ ಅವನದೇ.”

“ಅಂದ್ರೆ, ಒಲ್ಲೆ ಅನ್ನಬಹುದು.”

ಬಾಯಿ ಮುಚ್ಚಿಕೊಂಡಿರು ಎಂದೆ. ಹೊಲವಿಲ್ಲದೆ ತಿನ್ನುವುದೇನು?

ಜನವರಿ 19

ಚರ್ಚಿನಲ್ಲಿ, ಮದುವೆಗೆ ಒಪ್ಪಿಗೆಯೇ ಎಂದು ಪಾದ್ರಿ ಫಿಲಿಪಾಳನ್ನು ಕೇಳಿದರು. “ಇಲ್ಲ” ಎಂದಳು. ಪಾದ್ರಿಗೆ ಕಿವಿ ಮಂದ, ಮತ್ತೊಮ್ಮೆ ಕೇಳಿದರು.

“ಇಲ್ಲ ಅಂದೆ ಸ್ವಾಮೀ!”

ರೋಲಂಡ್ ಉಸ್ಸೆಂದ. ಅವನಿಗೂ ಬೇಡವಿತ್ತೇನೋ, ಪಾಪ. ಗರ್ವೇಸ್ ನನ್ನತ್ತ ತಿರುಗಿದ.

“ನೀನೇ ಹೇಳಿಕೊಟ್ಟಿದ್ದೀಯ. ಹೊಲದ ಆಸೆ ಬಿಡು. ಇವಳನ್ನೂ ಕರ್ಕೊಂಡು ಹೋಗು — ಊಟದ ಖರ್ಚಾದ್ರೂ ಉಳೀಲಿ!”

ನಾನು ಹೇಳಿಕೊಟ್ಟಿರಲಿಲ್ಲ. ಅಷ್ಟು ಧೈರ್ಯ ನನಗೆಲ್ಲಿ? ದಾರಿಯುದ್ದಕ್ಕೂ ಬೈದೆ. ಮನೆ ಹಾಳುಮಾಡಿದೆ ಎಂದೆ. ಅವಳು ಮನೆಗೆ ಬಂದವಳೇ ಶೂ ಕಳಚಿ, ಬ್ರೆಡ್ ಮುರಿದು, ನಿಂತೇ ತಿಂದಳು. ಈಗ ಒಲೆಯ ಮುಂದೆ ಕೂತಿದ್ದಾಳೆ. ನಮ್ಮ ಒಲೆ. ಬೈದದ್ದು ಸಾಕು. ಎದ್ದು ಹೋಗಿ ಅವಳ ಪಕ್ಕ ಕೂರುತ್ತೇನೆ.