ಯಾರೂ ಕೇಳದ ಎಂಟನೇ ಇನಿಂಗ್ಸ್

ಡಿಸೆಂಬರ್ 2, ಮಂಗಳವಾರ

ಬೆಳಿಗ್ಗೆ ಬೇಸ್‌ಬಾಲ್ ಮೈದಾನ. ನಾನು ಕೋಚ್, ಆದರೂ ಚೆಂಡೆಸೆಯುವ ನನ್ನ ಪಿಚರ್‌ಗಳು ಇವತ್ತೂ ತಡ. ಬೈದೆ. ಮುಖ ತಿರುಗಿಸಿ ನಕ್ಕರು. ನಗಲಿ. ಸಕ್ಕರೆ ಕಾರ್ಖಾನೆಯ ಮಸಿ ಮೈದಾನದ ತುಂಬ ಉದುರುತ್ತಿತ್ತು, ಹೊಸ ಚೆಂಡು ಕೈಗೆ ಬರುವಷ್ಟರಲ್ಲಿ ಹಳತಾಗುತ್ತಿತ್ತು.

ಮಧ್ಯಾಹ್ನ ರಾಜಧಾನಿ ಸಾಂತೊ ದೊಮಿಂಗೊದಿಂದ ಒಬ್ಬ ಪತ್ರಕರ್ತ ಬಂದ. ನನಗಾಗಿ ಅಲ್ಲ, ಚಿತೊಗಾಗಿ. ನನ್ನ ಹಳೆಯ ಕ್ಯಾಚರ್ ಚಿತೊ ಪೆನ್ಯಾ ಈ ಸಲ ಹಾಲ್ ಆಫ್ ಫೇಮ್ ಮತದಾನದಲ್ಲಿದ್ದಾನೆ. ಗೆದ್ದರೆ ಅಮೆರಿಕದ ಆ ಗೋಡೆಯ ಮೇಲೆ ಅವನ ಕಂಚಿನ ಮುಖ, ಸೂರ್ಯಚಂದ್ರರಿರುವವರೆಗೆ.

"ದೋನ್ ಎಲಿಹಿಯೊ, ಮೊದಲು ಅಲ್ಲಿಗೆ ಹೋಗೋದು ನೀವೇ ಅಂತಿದ್ರಂತಲ್ಲ. ಏನಾಯ್ತು?"

ಏನಾಯ್ತು! ಊಟ ಆಯ್ತಾ ಅನ್ನುವ ಹಾಗೆ ಕೇಳಿದ. ತೋಳು ಹೋಯ್ತು ಅಂದೆ. ಬರೆದುಕೊಂಡ. ನನಗೆ ಅವನ ಪೆನ್ನು ಮುರಿಯಬೇಕು ಅನ್ನಿಸಿತು.

ರಾತ್ರಿ

ನಿದ್ದೆ ಬರುತ್ತಿಲ್ಲ ಆ ಮಾತಿಂದ. ಬರೆದೇ ಬಿಡುತ್ತೇನೆ, ಯಾರು ಓದಬೇಕು.

ನನಗೆ ಆಗ ಇಪ್ಪತ್ತನಾಲ್ಕು. ಅಮೆರಿಕದಲ್ಲಿ ಮೂರನೇ ವರ್ಷ. ಏಳು ಇನಿಂಗ್ಸ್ ಮುಗಿದಿತ್ತು, ಎದುರು ತಂಡದ ಒಬ್ಬನೂ ನನ್ನ ಚೆಂಡು ಹೊಡೆದು ಬೇಸ್ ಮುಟ್ಟಿರಲಿಲ್ಲ, ಒಂದೂ ಹಿಟ್ ಇಲ್ಲ. ಒಂಬತ್ತೂ ಹಾಗೇ ಮುಗಿದರೆ ಪಿಚರ್‌ನ ಹೆಸರು ಅಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಬೆಂಚಿನ ಮೇಲೆ ಅವನ ಹತ್ತಿರ ಯಾರೂ ಕೂರಬಾರದು, ಮಾತಾಡಿಸಬಾರದು, ನೋಡಲೂಬಾರದು. ಮಾತಾಡಿದರೆ ದೃಷ್ಟಿ ತಾಗುತ್ತದೆ. ಎಲ್ಲರೂ ಆ ತುದಿಗೆ ಸರಿದರು. ಸಿಡುಬು ಬಂದವನ ಹಾಗೆ ನಾನೊಬ್ಬ ಈ ತುದಿಗೆ.

ಬೆರಳು ಮರಗಟ್ಟಿತ್ತು. ಚೆಂಡಿನ ವೇಗ ಇಳಿದದ್ದು ಚಿತೊಗೆ ಗೊತ್ತಿತ್ತು — ಹಿಡಿಯುವವನು ಅವನೇ ಅಲ್ಲವೇ. ಮ್ಯಾನೇಜರ್‌ಗೂ ಗೊತ್ತಿತ್ತು. ಒಬ್ಬ... ಒಬ್ಬನೇ ಒಬ್ಬ "ಕೈ ಹೇಗಿದೆಯೋ" ಅಂತ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಯಾರೂ ಕೇಳಲಿಲ್ಲ. ಎಂಟನೇ ಇನಿಂಗ್ಸ್‌ನಲ್ಲಿ ಮೊಣಕೈ ಒಳಗೆ ಒದ್ದೆ ಬಟ್ಟೆ ಹರಿದ ಸದ್ದು. ಎರಡು ಆಪರೇಷನ್. ಆಮೇಲೆ ನಾನು ನಾನಾಗಿರಲಿಲ್ಲ.

ದೃಷ್ಟಿಯಂತೆ. ಬೆಂಕಿ ಬೀಳಲಿ ಅವರ ದೃಷ್ಟಿಗೆ.

ಡಿಸೆಂಬರ್ 6

ಅಕ್ಕನ ಅಂಗಡಿಗೆ ಹೋದೆ. ಮುಂದೆ ಡಾಮಿನೋ ಆಡುತ್ತಿದ್ದವರು ಶುರು ಮಾಡಿದರು. ನನಗೆ ಊರಿಟ್ಟ ಹೆಸರು ಮಿಂಚು.

"ಬಾ ಮಿಂಚು! ಚಿತೊ ಕಂಚಾಗ್ತಾನಂತೆ. ನೀನು ಯಾವಾಗ?"

"ಇವನಾ? ಇವನು ತಗಡು ಕಣೋ."

ಅಕ್ಕ ಮಿರೆಯಾ ಕೌಂಟರ್ ಹಿಂದಿನಿಂದಲೇ ಕೂಗಿದಳು: "ಮೊದ್ಲು ಕುಡಿದ ಬಿಯರ್ ದುಡ್ಡು ಕೊಡ್ರೋ, ಆಮೇಲೆ ಲೋಹ ಪರೀಕ್ಷೆ ಮಾಡಿ." ಅವರು ಸುಮ್ಮನಾದರು. ನನಗೆ ಅದಕ್ಕೂ ಸಿಟ್ಟು ಬಂತು. ನನ್ನ ಪರವಾಗಿ ಅಕ್ಕ ಬಾಯಿ ಮಾಡುವ ಗತಿ.

ಡಿಸೆಂಬರ್ 9

ಯೇಸೊನ್ ಲಾರಾ ಬಗ್ಗೆ ಎರಡು ಮಾತು. ನಮ್ಮ ಕಾನ್ಯೆರೋಸ್ ತಂಡದ ಪಿಚರ್, ಇಪ್ಪತ್ತೆರಡು ವಯಸ್ಸು. ಹೋದ ವರ್ಷ ಅಮೆರಿಕದವರು ಮನೆಗೆ ಕಳಿಸಿದರು. ಈಗ ಮತ್ತೆ ಅವರ ಕಣ್ಣಿಗೆ ಬೀಳಬೇಕು ಅಂತ ಹಟ. ತೋಳು ಅಂದರೆ ತೋಳು. ಹೇಳಿದ ಮಾತು ಕೇಳುವುದಿಲ್ಲ, ಎದುರುತ್ತರ ಬೇರೆ.

"ಸಾಕು ನಿಲ್ಲಿಸು" ಅಂದೆ ಇವತ್ತು.

"ನಿಮ್ಮ ಕಾಲದಲ್ಲಿ ಹೀಗೇ ನಿಲ್ಲಿಸ್ತಿದ್ರಾ ಮೇಷ್ಟ್ರೇ?"

ನಾಲಿಗೆ ಉದ್ದ. ನನ್ನದೂ ಹಾಗೇ ಇತ್ತು.

ಡಿಸೆಂಬರ್ 15, ಸೋಮವಾರ, ಬೆಳಿಗ್ಗೆ

ಕೆಲಸ ಹೋಯಿತು. ಹೇಗೆ ಹೋಯಿತು ಅಂತ ಬರೆಯುತ್ತೇನೆ, ಯಾಕೆಂದರೆ ರೇಡಿಯೋದವರು ಬೆಳಗಿನಿಂದ ಬೇರೆಯೇ ಹೇಳುತ್ತಿದ್ದಾರೆ.

ನಿನ್ನೆ ಯೇಸೊನ್ ಎಸೆದ. ಆರು ಇನಿಂಗ್ಸ್ ಮುಗಿದಾಗ ಸ್ಕೋರ್‌ಬೋರ್ಡ್ ನೋಡಿದೆ — ಎದುರು ತಂಡದ ಹಿಟ್, ಸೊನ್ನೆ. ಬೆಂಚು ಗಪ್‌ಚಿಪ್. ಎಲ್ಲರೂ ಮೆಲ್ಲಗೆ ಆ ತುದಿಗೆ ಸರಿದರು. ಯೇಸೊನ್ ಒಬ್ಬನೇ ಈ ತುದಿಗೆ, ತಲೆಯ ಮೇಲೆ ಟವೆಲ್.

ಏಳನೇ ಇನಿಂಗ್ಸ್‌ನಲ್ಲಿ ಪ್ರತಿ ಎಸೆತದ ಆಮೇಲೆ ಬಲಗೈಯನ್ನು ಪ್ಯಾಂಟಿಗೆ ಉಜ್ಜತೊಡಗಿದ. ಬೆವರು ಒರೆಸುವ ಹಾಗೆ. ಬೆವರಲ್ಲ, ನನಗೆ ಗೊತ್ತಿಲ್ಲವೇ! ವೇಗವೂ ಇಳಿಯಿತು. ಕ್ಯಾಚರ್ ಕಡೆ ನೋಡಿದೆ. ನೆಲ ನೋಡಿದ.

ಇನಿಂಗ್ಸ್ ಮುಗಿದು ಅವನು ಬೆಂಚಿಗೆ ಬಂದಾಗ ಎದ್ದು ಅವನಿದ್ದ ತುದಿಗೆ ನಡೆದೆ. ಯಾರೋ ಅಂಗಿ ಹಿಡಿದು ಎಳೆದರು — "ಏ, ಹುಚ್ಚು ಹಿಡೀತಾ ನಿಂಗೆ?" ಕೊಡವಿಕೊಂಡು ಹೋಗಿ ಅವನ ಪಕ್ಕ ಕೂತೆ.

"ಕೈ ಹೇಗಿದೆ?"

ಟವೆಲ್ ಅಲುಗಲಿಲ್ಲ.

"ಯೇಸೊನ್. ಕೈ ಹೇಗಿದೆ ಅಂದೆ."

"ಏನಿಲ್ಲ. ಹೋಗಿ ಮೇಷ್ಟ್ರೇ. ದಮ್ಮಯ್ಯ ಅಂತೀನಿ, ಎದ್ದು ಹೋಗಿ."

"ಬೆರಳು?"

"ಏನಿಲ್ಲ ಅಂದ್ನಲ್ಲ!"

ಅಂದು ನಕ್ಕ. ಆ ನಗು ನನ್ನದೇ. ಹದಿನೈದು ವರ್ಷ ಒಂದೇ ಮಾತು ಜಗಿಯುತ್ತ ಬಂದಿದ್ದೇನೆ — ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ಸುಳ್ಳು! ಕೇಳಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ, ಹೀಗೇ ನಗುತ್ತಿದ್ದೆ. ಅಷ್ಟು ವರ್ಷ ಸಾಕಿದ ಸಿಟ್ಟು... ಇನ್ನು ಅದನ್ನು ಯಾರ ಮನೆ ಬಾಗಿಲಿಗೆ ಕಟ್ಟಲಿ?

ಮ್ಯಾನೇಜರ್ ತಾವಾರೆಸ್ ಹತ್ತಿರ ಹೋದೆ. ಇಳಿಸು ಅಂದೆ.

"ನೋವಿದೆ ಅಂದ್ನಾ?"

"ಇಲ್ಲ ಅಂದ. ಅದಕ್ಕೇ ಇಳಿಸು."

"ತಲೆ ನೆಟ್ಟಗಿದೆಯೇನಯ್ಯಾ? ಇನ್ನು ಎರಡೇ ಇನಿಂಗ್ಸ್. ಹದಿನೈದು ಸಾವಿರ ಜನ ಕೂತಿದ್ದಾರೆ. ಸುಟ್ಟುಹಾಕ್ತಾರೆ ನನ್ನ."

ಸರಿ. ಅವನು ಇಳಿಸುವುದಿಲ್ಲ. ಆದರೆ ನಿಯಮ ಒಂದಿದೆ — ಒಂದೇ ಇನಿಂಗ್ಸ್‌ನಲ್ಲಿ ತಂಡದ ಕೋಚ್ ಎರಡು ಸಲ ಬಿಳಿಗೆರೆ ದಾಟಿ ಪಿಚರ್ ಹತ್ತಿರ ಹೋದರೆ, ಆ ಪಿಚರ್ ಇಳಿಯಲೇಬೇಕು. ಮ್ಯಾನೇಜರ್ ಬೇಡವೆಂದರೂ, ದೇವರು ಬೇಡವೆಂದರೂ.

ಎಂಟನೇ ಇನಿಂಗ್ಸ್ ಶುರುವಿಗೇ ಗೆರೆ ದಾಟಿದೆ. ಸುಮ್ಮನೆ ಅವನ ಮುಂದೆ ನಿಂತು ಬಂದೆ. ಅವನು ನನ್ನ ಮುಖ ನೋಡಲಿಲ್ಲ. ಮೊದಲ ಬ್ಯಾಟರ್ ಔಟಾದ. ಜನ ಎದ್ದು ಕುಣಿಯುತ್ತಿದ್ದರು. ಮತ್ತೆ ಎದ್ದೆ. ತಾವಾರೆಸ್‌ಗೆ ಅರ್ಥವಾಯಿತು, "ಎಲಿಹಿಯೊ! ಏ ನಾಯಿ! ನಿಲ್ಲೋ!" ಅಂತ ಓಡಿ ಬಂದ. ನನ್ನ ಕಾಲು ಗೆರೆಯ ಆಚೆ ಬಿದ್ದಾಗಿತ್ತು. ಅಂಪೈರ್ ಕೈ ಎತ್ತಿದ.

ಮೊದಲು ಜನರ ಬೈಗುಳ ಬಂತು. ಆಮೇಲೆ ಬಿಯರ್ ಲೋಟ, ಬಾಟಲಿ, ಒಂದು ಚಪ್ಪಲಿ. ಯೇಸೊನ್ ಚೆಂಡನ್ನು ಕೈಗೆ ಕೊಡಲಿಲ್ಲ. ನನ್ನ ಕಾಲ ಬಳಿ ಎಸೆದ. ಎಡಗೈಯಲ್ಲಿ ಎಸೆದ — ಅದನ್ನು ನಾನು ಮಾತ್ರ ನೋಡಿದೆ ಅಂತ ಕಾಣುತ್ತದೆ.

ಅವನ ಬದಲು ಬಂದವನ ಮೂರನೇ ಎಸೆತಕ್ಕೇ ಹಿಟ್. ಪಂದ್ಯವೂ ಹೋಯಿತು.

ಡಿಸೆಂಬರ್ 17

ಯೇಸೊನ್ ಸ್ಕ್ಯಾನ್ ಮಾಡಿಸುವುದಿಲ್ಲ ಅಂದನಂತೆ. "ನನಗೆ ಏನೂ ಆಗಿಲ್ಲ, ಆ ಮುದುಕನಿಗೆ ಹೊಟ್ಟೆಕಿಚ್ಚು" ಅಂತ ಟಿವಿಯಲ್ಲಿ ಹೇಳಿದ. ಮುದುಕ! ಮೂವತ್ತೊಂಬತ್ತಕ್ಕೆ.

ಅಂಗಡಿಯ ಗೋಡೆಗೆ ಯಾರೋ ಸಗಣಿ ಬಳಿದಿದ್ದರು. ಅಕ್ಕ ತೊಳೆಯುತ್ತಿದ್ದಳು. ಬಕೆಟ್ ಕಿತ್ತುಕೊಳ್ಳಲು ಹೋದೆ.

"ಬಿಡು. ನಿಜ ಹೇಳು, ಹೊಟ್ಟೆಕಿಚ್ಚೇ?"

"ಸ್ವಲ್ಪ."

"ಅದಿಲ್ದೆ ಇರುತ್ತಾ" ಅಂದಳು. ತೊಳೆದಳು.

ಡಿಸೆಂಬರ್ 24

ಊರೆಲ್ಲ ಹಂದಿ ಸುಡುವ ವಾಸನೆ. ನಮ್ಮ ಮನೆಗೆ ಈ ಸಲ ಯಾರೂ ಬರಲಿಲ್ಲ. ಮಾಂಸ ಉಳಿಯಿತು.

ಚಿತೊಗೆ ಫೋನ್ ಮಾಡಿದೆ. ಎಷ್ಟೋ ವರ್ಷದ ಮೇಲೆ. ಹಬ್ಬದ ಮಾತೆಲ್ಲ ಆಯಿತು. ಆಮೇಲೆ ಅಂದೆ, "ಅವತ್ತು ನೀನು ಕೇಳಿದ್ರೂ ನಾನು ಏನಿಲ್ಲ ಅಂತಿದ್ದೆ ಕಣೋ."



"ಗೊತ್ತು" ಅಂದ. "ಆದ್ರೂ ಕೇಳ್ಬೇಕಿತ್ತು ನಾನು."

ಇಷ್ಟು ಸುಲಭವಾಗಿ ಹೇಳಿಬಿಟ್ಟ. ನನ್ನ ಮೈ ಉರಿಯಿತು. ಈ ಮಾತು ಹದಿನೈದು ವರ್ಷ ಎಲ್ಲಿಟ್ಟುಕೊಂಡಿದ್ದೆಯೋ ಅಂತ ಕಿರುಚಿ ಫೋನ್ ಇಟ್ಟೆ. ಆಮೇಲೆ ಅತ್ತೆ. ಬರೆದದ್ದು ಬರೆದೆ, ಹೊಡೆದುಹಾಕುವುದಿಲ್ಲ.

ಜನವರಿ 6, ಮಂಗಳವಾರ

ಮೂವರು ರಾಜರ ಹಬ್ಬ, ಮಕ್ಕಳಿಗೆ ಉಡುಗೊರೆಯ ದಿನ. ಬೀದಿ ತುಂಬ ಮಕ್ಕಳ ಹೊಸ ಸೈಕಲ್ಲು, ಹೊಸ ಬ್ಯಾಟು.

ಹತ್ತು ಗಂಟೆಗೆ ಯೇಸೊನ್ ಬಂದ. ಕೂರು ಅಂದೆ. ಕೂರಲಿಲ್ಲ. ಕೂಗಾಡಿದ. ಕೂಗಾಡಲಿ ಅಂತ ಬಿಟ್ಟೆ.

"ಜೀವಮಾನಕ್ಕೆ ಒಂದ್ಸಲ ಸಿಗೋ ದಿನ ಅದು! ಕಿತ್ಕೊಂಡ್ರಿ ನೀವು!"

"ಹೌದು."

"ಹೌದಂತೆ! ನಾಳೆ ಅಮೆರಿಕದವರು ಬರ್ತಿದ್ದಾರೆ ನನ್ನ ನೋಡೋಕೆ. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಸೀತೀನಿ. ಬಂದು ನೋಡಿ. ಕಣ್ಣುಬಿಟ್ಟು ನೋಡಿ!"

"ಎಸಿ. ಒಂದು ದಿನ ಎಸೀತೀಯ. ಆಮೇಲೆ ನನ್ನ ಜೊತೆ ಡಾಮಿನೋ ಆಡೋಕೆ ಬಾ."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಹೊರಟ. ಬಾಗಿಲಲ್ಲಿ ನಿಂತ, ಬೆನ್ನು ನನ್ನ ಕಡೆ. ಬೀದಿಯ ಮಕ್ಕಳನ್ನು ನೋಡುತ್ತಿದ್ದ.

"ಮೇಷ್ಟ್ರೇ... ನಿಮಗೆ ಮೊದಲು ಯಾವ ಬೆರಳು ಮರಗಟ್ಟಿದ್ದು?"

"ಕಿರುಬೆರಳು."

ತಿರುಗಲಿಲ್ಲ. ಬಲಗೈಯನ್ನು ಹಾಗೇ ಹಿಂದಕ್ಕೆ ಚಾಚಿದ. ಹೋಗಿ ಅವನ ಕಿರುಬೆರಳು ಹಿಡಿದೆ. ಉಗುರು ನಾಟುವಷ್ಟು ಚಿವುಟಿದೆ. ರಕ್ತ ಜಿನುಗಿತು.

"ಹಿಡ್ಕೊಳ್ಳಿ, ನೋಡೋಣ" ಅಂದ.

ಹಿಡಿದೇ ಇದ್ದೆ. ಅವನೇ ತಿರುಗಿ ನೋಡಿದ. ರಕ್ತ ನೋಡಿದ. ಬಹಳ ಹೊತ್ತು ನೋಡಿದ.

ನಾಳೆ ಬೆಳಿಗ್ಗೆ ಏಳಕ್ಕೆ ಸಾಂತೊ ದೊಮಿಂಗೊ ಬಸ್ಸು ಇದೆ, ಒಳ್ಳೆಯ ಡಾಕ್ಟರ್ ಇದ್ದಾನೆ, ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ ಅಂದೆ. ಬರುತ್ತೇನೆ ಅನ್ನಲಿಲ್ಲ. ಆದರೆ ಏನಿಲ್ಲ ಅಂತಲೂ ಅನ್ನಲಿಲ್ಲ.